ಪೀಬೆರಿಗೊಂದು ಚಾ

ಬೆಳಗಿನಿಂದ ಕಾಫಿಯನ್ನೇ ನೋಡಿದ ಕಣ್ಣಿಗೆ
ನಾಲ್ಕು ಗಂಟೆಗೆ ಚಾ ಬೇಕು.
ಚಿಕ್ಕಮಗಳೂರಲ್ಲಿ ಹೀಗಂದರೆ ನಗುತ್ತಾರೆ.
ನಗಲಿ. ಅವರ ಮೂಗಿನೊಳಗೆ
ಕ್ಯೂರಿಂಗ್ ವರ್ಕ್ಸಿನ ಹೊಟ್ಟಿನ ಧೂಳು ಹೋಗಿಲ್ಲ.

ಗೇಟು ದಾಟಿ, ಲಾರಿ ಸಾಲಿನ ನೆರಳಲ್ಲಿ ನಡೆದು,
ಪಂಚರ್ ಅಂಗಡಿಯ ಪಕ್ಕ ಎರಡು ಮೆಟ್ಟಿಲಿಳಿದರೆ
ಪೋಕರಾಕನ ಹೋಟೆಲು.
ಬೋರ್ಡಿನ ಮೇಲೆ ಏನೋ ಹೆಸರಿದೆ, ಯಾರೂ ಓದಿಲ್ಲ.
ಒಳಗೆ ನಾಲ್ಕು ಬೆಂಚು, ಒಂದರ ಕಾಲಡಿಗೆ
ಮಡಿಸಿಟ್ಟ ಗೋಣಿಚೀಲದ ತುಂಡು.
ಆ ಬೆಂಚು ನಮ್ಮದು.

ನಾನು, ಶೆಹನಾಜ್, ಫಿಲೋಮಿನಾ, ಪುಟ್ಟಲಿಂಗಮ್ಮ.
ಸೆರಗು ಒದರಿ ಕೂತರೆ
ಕಾಫಿಬೇಳೆಯ ಸಿಪ್ಪೆ ಹಾರಿ ಬಿಸಿಲಲ್ಲಿ ತೇಲುತ್ತದೆ,
ನೊಣವೆಂದು ಪೋಕರಾಕ ಟವೆಲು ಬೀಸುತ್ತಾರೆ.

ಏನು ಬೇಕೆಂದು ಕೇಳುವುದಿಲ್ಲ.
ನನಗೆ ಸ್ಟ್ರಾಂಗು, ಶೆಹನಾಜಿಗೆ ಸುಲೈಮಾನಿ,
ಪುಟ್ಟಲಿಂಗಮ್ಮನಿಗೆ ಲೋಟದ ತುಟಿಯವರೆಗೂ ಕೆನೆ,
ಫಿಲೋಮಿನಾಗೆ ಸಕ್ಕರೆ ಇಲ್ಲದ್ದು.
ಸಕ್ಕರೆಯನ್ನು ಅವಳು ಬನ್ಸಿನಲ್ಲಿ ತಿನ್ನುತ್ತಾಳೆ.
ಪಾತ್ರೆಯಿಂದ ಪಾತ್ರೆಗೆ ಒಂದು ಮೊಳ ಚಾ ಎಳೆಯುವಾಗ
ಪೋಕರಾಕನ ಕಣ್ಣು ರೇಡಿಯೋ ಕಡೆ.
ಒಂದು ಹನಿ ಚೆಲ್ಲಿದ್ದು ನಾನು ಕಂಡಿಲ್ಲ,
ಹನ್ನೊಂದು ವರ್ಷ.

ಬನ್ಸು ಬಂತು. ಉಬ್ಬಿದ ಹೊಟ್ಟೆಗೆ ಬೆರಳು ಚುಚ್ಚಿದರೆ
ಉಸ್ಸಂತ ಬಾಳೆಹಣ್ಣಿನ ಉಸಿರು,
ಹಲ್ಲಿಗೆ ಜೀರಿಗೆಯ ಒಂದು ಕಾಳು.
ಚಾದಲ್ಲಿ ಅದ್ದಬಾರದು ಅನ್ನುತ್ತಾಳೆ ಶೆಹನಾಜ್.
ಅದ್ದಲಿಕ್ಕೆಂದೇ ದೇವರು ಮಾಡಿದ್ದು, ಫಿಲೋಮಿನಾ.
ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳಿಗೆ
ಎದುರಾಡುವುದು ಹೇಗೆ?
ಅದ್ದುತ್ತೇನೆ.
ಮುಳುಗಿದ ತುಂಡನ್ನು ಚಮಚದಲ್ಲಿ ಹುಡುಕುತ್ತೇನೆ.

ಮೊನ್ನೆ ಪ್ರವಾಸಿಯೊಬ್ಬ, ನೆತ್ತಿಯ ಮೇಲೆ ಕೂಲಿಂಗ್ ಗ್ಲಾಸು,
'ಒಳ್ಳೇ ಫಿಲ್ಟರ್ ಕಾಫಿ ಸಿಗುತ್ತಾ?'
'ಇಲ್ಲ.'
'ಚಿಕ್ಕಮಗಳೂರಲ್ಲಿ?'
ಪೋಕರಾಕ ಗದ್ದದಿಂದ ನಮ್ಮನ್ನು ತೋರಿಸಿದರು:
'ಇವರನ್ನ ಕೇಳಿ. ಒಳ್ಳೇದೆಲ್ಲ ಆರಿಸಿ ಹಡಗು ಹತ್ತಿಸ್ತಾರೆ.'
ಆತ ಕೂತ. ಚಾ ಕುಡಿದ. ಇನ್ನೊಂದು ಕೇಳಿದ.
ಹೋಗುವಾಗ ಬೋರ್ಡಿನ ಫೋಟೋ ತೆಗೆದ.
ಅಂತೂ ಒಬ್ಬ ಓದಿದ.

ಇವರು ನನ್ನನ್ನು ಪೀಬೆರಿ ಅನ್ನುತ್ತಾರೆ.
ಒಂದು ಹಣ್ಣಿಗೆ ಎರಡು ಬೇಳೆ,
ಮುಖಕ್ಕೆ ಮುಖ ಒತ್ತಿಕೊಂಡು ಚಪ್ಪಟೆಯಾಗಿ ಬೆಳೆಯಬೇಕು, ಅದು ಸಂಸಾರ.
ಕೆಲವು ಹಣ್ಣಲ್ಲಿ ಒಂದೇ ಇರುತ್ತದೆ, ಗುಂಡಗೆ,
ಮಣೆಯ ಮೇಲಿಟ್ಟರೆ ಉರುಳಿ ಹೋಗುವಂಥದ್ದು.
ಮದುವೆಯಾಗದ ನನ್ನ ನಲವತ್ತಾರಕ್ಕೆ
ಫಿಲೋಮಿನಾ ಇಟ್ಟ ಹೆಸರು.
ಮೊದಲ ದಿನ ಚಾ ಗಂಟಲಲ್ಲೇ ನಿಂತಿತ್ತು.
ಪುಟ್ಟಲಿಂಗಮ್ಮ, ಬಾಯ್ತುಂಬ ಬನ್ಸು ಅಗಿಯುತ್ತ,
'ರೇಟೂ ಅದಕ್ಕೇ ಜಾಸ್ತಿ ಕಣೆ' ಅಂದಳು.
ಇಳಿಯಿತು.

ಮಿಕ್ಸ್ಚರ್ ತಟ್ಟೆ ಬಂದರೆ ಬೆರಳು ಸುಮ್ಮನಿರುವುದಿಲ್ಲ.
ಕಡಲೆಬೀಜ ಒಂದು ಕಡೆ, ಕರಿಬೇವು ಒಂದು ಕಡೆ,
ಸೀದದ್ದು, ಒಡೆದದ್ದು ತಟ್ಟೆಯಂಚಿಗೆ.
ಕಣ್ಣು ಬೀದಿಯಲ್ಲಿದ್ದರೂ
ಕೈ ಅಲ್ಲೇ, ಆ ಉದ್ದನೆಯ ಮೇಜಿನ ಮುಂದೆ,
ಕಿಲೋಗೆ ಇಷ್ಟು ಅಂತ.
ಇವತ್ತು ಶೆಹನಾಜ್ ಪಟ್ಟಂತ ಕೈಗೆ ಹೊಡೆದಳು:
'ತಿನ್ನೇ ಮಾರಾಯ್ತಿ, ಇದು ಎಕ್ಸ್‌ಪೋರ್ಟಿಗಲ್ಲ!'

ಪೋಕರಾಕ ನಕ್ಕ ರಭಸಕ್ಕೆ
ಎಳೆಯುತ್ತಿದ್ದ ಚಾ ಅರ್ಧ ಒಲೆಗೆ ಬಿತ್ತು.

ನಾನು ರಾಶಿಯೆಲ್ಲ ಕಲಸಿ ಒಂದು ಹಿಡಿ ಬಾಯಿಗೆ ಹಾಕಿದೆ,
ಸೀದದ್ದೂ ಸೇರಿ.
ಸೀದದ್ದೇ ರುಚಿ. ಸೂಪರ್‌ವೈಸರಿಗೆ ಹೇಳಬೇಡಿ.

ಸೈರನ್ನು. ನಾಲ್ಕೂ ಕಾಲು.
ಸೆರಗು ಸಿಕ್ಕಿಸಿ ಏಳುತ್ತೇವೆ, ಬೆಂಚು ಒಂದು ಪಕ್ಕ ಕುಂಟುತ್ತದೆ.
ಪೋಕರಾಕ, ಬರೆದುಕೊಳ್ಳಿ,
ಇವತ್ತಿನದು ನನ್ನ ಲೆಕ್ಕ,
ಪುಟ್ಟಲಿಂಗಮ್ಮನ ಮೂರನೇ ಬನ್ಸು ಬಿಟ್ಟು.